ಅಣ್ಣನ ಫೋನು

ಭಟ್ಕಳ
ಶುಕ್ರವಾರ

ಪ್ರೀತಿಯ ಪೂರ್ಣಿಮಾ,

ನಿನಗೆ ಹೇಳದೆ ಹಿರೇಗುತ್ತಿಯಿಂದ ತವರಿಗೆ ಬಂದುಬಿಟ್ಟೆ, ಬೇಸರ ಮಾಡಬೇಡ. ಚೆನ್ನೈಗೆ ಹೋಗಿ ಸೈನ್ಯದ ಆಫೀಸರ್ ತರಬೇತಿಗೆ ಸೇರಲೋ ಬೇಡವೋ ಎಂದು ನೀನು ಕೇಳಿದಾಗ ಎದುರಿಗೆ ಉತ್ತರ ಕೊಡಲಾಗಲಿಲ್ಲ. ಯುದ್ಧದ ಸಮಯ, ಬೇಡವೆಂದು ಹೇಳು ಎಂದು ಅತ್ತೆ ನನಗೆ ಹೇಳಿದ್ದರು. ನನಗೂ ಹಾಗೆ ಹೇಳುವ ಮನಸ್ಸಿತ್ತು. ಆದರೆ ಕಾರಣ ಯುದ್ಧವಲ್ಲ.

ನಿನ್ನ ಅಣ್ಣ ಗಡಿಯಿಂದ ಫೋನು ಮಾಡಿದಾಗ ನನಗೆ ಹೇಳುವುದು "ಊಟ ಆತು, ಆರಾಮ ಇದ್ದೆ" ಎಂದಷ್ಟೇ. ಆಮೇಲೆ "ಪೂರ್ಣಿ ಹತ್ರ ಕೊಡು" ಎನ್ನುತ್ತಾರೆ. ಬಂಕರು, ಡ್ರೋನು, ಪಕ್ಕದಲ್ಲೇ ಗಾಯಗೊಂಡ ಗೆಳೆಯ, ಎಲ್ಲ ನಿನಗೆ. ಎಂತ ಹೇಳಿದ್ರು ಎಂದು ಕೇಳಿದರೆ "ನಿಂಗೆ ಅದೆಲ್ಲ ಗೊತ್ತಾಗುದಿಲ್ಲ ಅತ್ತಿಗೆ" ಎಂದು ನಗುತ್ತೀಯ. ಅವರ ಭಯವನ್ನು ಮೊದಲು ಕೇಳಬೇಕಾದವಳು ನಾನು. ನೀನೂ ಸೈನ್ಯಕ್ಕೆ ಸೇರಿದರೆ ಅವರು ಇನ್ನು ಎಲ್ಲವನ್ನೂ ನಿನಗೇ ಹೇಳುತ್ತಾರೆ ಎಂದು ಹೊಟ್ಟೆಕಿಚ್ಚಾಯಿತು.

ಆಮೇಲೆ, ನೀನು ಹೋದರೆ ಮನೆಗೆ ಬರುವ ಅವರ ಫೋನು ಪೂರ್ತಿ ನನಗೇ ಸಿಗುತ್ತದೆ ಎಂದು ನಿನ್ನೆ ಖುಷಿಪಟ್ಟೆ. ಇವತ್ತು ಬಂಗುಡೆ ಮೀನು ತೊಳೆಯುವಾಗ ಹೊಳೆಯಿತು, ಇನ್ನು ನಾನು ಇಬ್ಬರ ಫೋನಿಗೆ ಕಾಯಬೇಕು.

ಹೊಟ್ಟೆಕಿಚ್ಚು ಇನ್ನೂ ಇದೆ. ಆದರೂ ಹೋಗು. ಅತ್ತೆಯ ಹತ್ತಿರ ನಾನು ಮಾತಾಡುತ್ತೇನೆ. ಭಾನುವಾರ ಬರುತ್ತೇನೆ, ಕುಮಟಾ ಪೇಟೆಯಲ್ಲಿ ನಿನಗೊಂದು ಒಳ್ಳೆಯ ಬೂಟು ತೆಗೆದುಕೊಳ್ಳೋಣ. ಯಾವುದು ಒಳ್ಳೆಯದೆಂದು ಅಣ್ಣನನ್ನು ಕೇಳಬೇಡ. ನಾನೇ ಆರಿಸುತ್ತೇನೆ.

ನಿನ್ನ ಅತ್ತಿಗೆ,
ಕುಸುಮಾ