ವೀರಭದ್ರನ ಪಕ್ಕದ ಮೇರಿ

ಯಲಬುರ್ಗಾ,
ದಿ. ೧೮-೧೧-೨೦೨೪

ಪ್ರೀತಿಯ ಮಗಳು ಶಾಂಭವಿಗೆ,

ಅಪ್ಪನ ಆಶೀರ್ವಾದಗಳು. ನೆಗಡಿ ಇಳಿಯಿತೇ? ಬರೋಡಾದ ಹಾಸ್ಟೆಲಿನವರು ಸಾರಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದರೇ? ನಾನು ಆರಾಮ. ಬಸ್ ನಿಲ್ದಾಣದ ಕಂಟ್ರೋಲರ್ ಎಂಬ ಸಿಂಹಾಸನದಲ್ಲಿ ಕುಳಿತು, ಆಗಲೇ ಹೊರಟುಹೋದ ಕುಷ್ಟಗಿ ಬಸ್ಸು ಈಗ ಬರುತ್ತದೆಂದು ಮೈಕಿನಲ್ಲಿ ಸಾರುವ ಘನಕಾರ್ಯ ನಡೆದಿದೆ.

ಟ್ರಂಕಿನಲ್ಲಿರುವ ಚಿತ್ರ ಚಿತ್ರಕಲೆಯ ಪರೀಕ್ಷೆಗೆ ಬೇಕು, ಅಂಚೆಯಲ್ಲಿ ಕಳಿಸು ಎಂದು ನೀನು ಬರೆದಿದ್ದೆ. ಶತಮಾನಗಳ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದರ ನಕಲು. ಶಿಲುಬೆಯಿಂದ ಇಳಿಸಿದ ಏಸುವನ್ನು ತಾಯಿ ಮೇರಿ ತೊಡೆಯ ಮೇಲೆ ಮಲಗಿಸಿಕೊಂಡದ್ದು. ಅದೀಗ ಟ್ರಂಕಿನಲ್ಲಿಲ್ಲ ಮಗಳೇ. ಈ ಸಲ ನಮಗೆ ದೀಪಾವಳಿ ಇಲ್ಲದಿದ್ದರೂ ನಿಮ್ಮವ್ವ ಮನೆ ಜಾಡಿಸುವುದು ತಪ್ಪಲಿಲ್ಲ. ಆಗ ಅವಳ ಕೈಗೆ ಸಿಕ್ಕು, ದೇವರ ಗೋಡೆಯಲ್ಲಿ ವೀರಭದ್ರನ ಪಕ್ಕಕ್ಕೇ ಹೋಗಿ ಕೂತಿದೆ. ಟವೆಲ್ ಹಾಕದೆ ಇಷ್ಟು ಒಳ್ಳೆಯ ಸೀಟು ಸಿಕ್ಕಿದ್ದು ನಮ್ಮ ನಿಲ್ದಾಣದ ಇತಿಹಾಸದಲ್ಲೇ ಇಲ್ಲ. ವೀರಭದ್ರ ಕತ್ತಿ ಹಿಡಿದಿದ್ದರೂ ತುಟಿ ಬಿಚ್ಚಿಲ್ಲ.

ಚಿತ್ರ ನೋಡಿ ನಿಮ್ಮವ್ವ ಮೊದಲು ಬೈದಳು. "ಹೆಣಾ ಹಿಂಗ ಅಡ್ಡ ಮಲಗಸ್ತಾರೇನ್ರಿ? ಕುಂದ್ರಸಬಾರದಾ? ಇವರ ಮನ್ಯಾಗ ಹಿರ್ಯಾರ ಇಲ್ಲೇನು?" ಸತ್ತವರನ್ನು ಕೂಡಿಸಿಯೇ ಮಣ್ಣಿಗಿಡುವ ನಮ್ಮ ಪದ್ಧತಿಯೇ ಲೋಕದ ಪದ್ಧತಿ ಎಂದು ಅವಳ ನಂಬಿಕೆ. ಪಕ್ಕದ ಮನೆಯ ರಜಿಯಾಬೇಗಂ ಬಿಟ್ಟಾಳೆಯೇ? "ತಗಿ ಅನ್ನಮ್ಮಕ್ಕಾ, ನಾವೂ ಮಲಗಸ್ತೀವಿ. ನಿಮ್ಮಂಗ ಸತ್ತ ಮ್ಯಾಲೂ ಕುಂದ್ರಿಸಿ ದಣಸಂಗಿಲ್ಲ" ಎಂದಳು. ನಿಮ್ಮವ್ವ ನಕ್ಕಳು. ಶ್ರಾವಣದಲ್ಲಿ ನಿಮ್ಮಣ್ಣ ಹಾಲೇಶ ಬೈಕಿನಿಂದ ಬಿದ್ದು ತೀರಿಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗು ಅರ್ಧಕ್ಕೇ ನಿಂತಿತು.

"ನಮ್ಮ ಹಾಲೇಶನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರು. ಕುತ್ತಿಗಿ ವಾಲತಿತ್ತು, ಅರಬಿ ಕಟ್ಟಿ ನಿಲ್ಲಿಸಿದ್ರು. ಒಂದ ಗಳಿಗಿ ನನ್ನ ತೊಡಿ ಮ್ಯಾಲ ಹಾಕ್ರಿ ಅಂದೆ, ಯಾರೂ ಕೇಳಲಿಲ್ಲ. ಇಕಿ ಪುಣ್ಯಾ ಮಾಡ್ಯಾಳ ನೋಡ್ರಿ. ಇಕಿಗೆ ಕೊಟ್ಟಾರ."

ರಜಿಯಾಬೇಗಂ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದಳು.

ಇರಲಿ, ನಿನ್ನ ಪರೀಕ್ಷೆ ನಿಲ್ಲಬಾರದು. ನಿಮ್ಮವ್ವನನ್ನು ಒಪ್ಪಿಸಿದ್ದೇನೆ, ಇದರ ಜೊತೆ ಚಿತ್ರವನ್ನೂ ಕಳಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ವೀರಭದ್ರ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಕೊಟ್ರಬಸಪ್ಪ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ರಟ್ಟು ಇಟ್ಟು ದಾರ ಸುತ್ತಿದ್ದೆ. ನಿಮ್ಮವ್ವ ಒಲೆಯ ಮುಂದಿನಿಂದ ಎದ್ದು ಬಂದು, ದಾರ ಬಿಚ್ಚಿ, ಚಿತ್ರವನ್ನು ಮತ್ತೆ ಗೋಡೆಗೆ ಹಾಕಿದಳು. "ಅಕೀದು ಇನ್ನಾ ಅತ್ತು ಮುಗದಿಲ್ರೀ, ಈಗ ಎಲ್ಲಿಗೆ ಕಳಸ್ತೀರಿ?" ಎಂದಳು. ನಿನ್ನ ಮಾಸ್ತರರಿಗೆ ನೀನೇ ಏನಾದರೂ ಹೇಳವ್ವಾ.