ಯಂತ್ರ ಕಲಿತ ಸೋಮವಾರ

೧೨-೩-೨೦೦೭, ಸೋಮವಾರ

ಇವತ್ತು ಎಲ್ಲರೂ ಆ ಯಂತ್ರವನ್ನು ಜಾಣ ಎಂದರು. ಹಾಸ್ಟೆಲ್ ತೋಟದ ಪಂಪಿಗೆ ಕಾಲೇಜು ಹುಡುಗರು ಇಂಟರ್ನೆಟ್ ಇರುವ ಕಂಪ್ಯೂಟರ್ ಜೋಡಿಸಿದ್ದಾರೆ. ಯಾವಾಗ ನೀರು ಬಿಡಬೇಕೆಂದು ಅದು ತಾನೇ ಯೋಚಿಸುತ್ತದಂತೆ. ನಾನು ನೀರು ಬಿಡುವುದನ್ನು ಮೂರು ತಿಂಗಳು ನೋಡಿ ಬರೆದುಕೊಂಡು ಅದಕ್ಕೆ ಕಲಿಸಿದ್ದಾರೆ.

ಕಾಲೇಜಿನ ದೊಡ್ಡ ಸರ್ ನೋಡಲು ಬಂದಾಗ ಪಂಪು ಶುರುವಾಗಲೇ ಇಲ್ಲ.

"ಎಂತ, ಹಾಳಾಯಿತಾ?"

"ಇಲ್ಲ ಸರ್," ಎಂದಳು ಯಂತ್ರ ಜೋಡಿಸಿದವರಲ್ಲಿ ಒಬ್ಬಳಾದ ಉಚ್ಚಿಲದ ಹುಡುಗಿ ಮುರ್ಶಿದಾ. "ಮಣ್ಣಿಗೆ ವಾರಕ್ಕೊಂದು ದಿನ ವಿಶ್ರಾಂತಿ ಬೇಕು ಅಂತ ಅದೇ ಕಂಡುಹಿಡಿದದ್ದು!"

ಚಪ್ಪಾಳೆ.

ನಮ್ಮ ಗದಗಿನ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ನಾನೂ ಅಂದು ಪೈಪು ಮುಟ್ಟುವುದಿಲ್ಲ. ಅದಕ್ಕೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದ ಮೇಸ್ತ್ರಿ ನನ್ನನ್ನು "ಸೋಮವಾರದ ಸೋಮಾರಿ" ಎಂದೇ ಕರೆಯುವುದು. ಯಂತ್ರ ಮಾಡಿದರೆ ಜಾಣತನ.

"ರಾಮಲಿಂಗ, ಇಲ್ಲಿ ಇನ್ನು ಆಳು ಬೇಡವಂತೆ ಮಾರಾಯ. ನಾಳೆಯಿಂದ ಬಜಗೋಳಿಗೆ ಹೋಗು, ಕಲ್ಲು ಹೊರುವ ಕೆಲಸ ಉಂಟು," ಎಂದರು ಮೇಸ್ತ್ರಿ.

ಹೊಸ ಸಂಪಿಗೆ ಸಸಿಗೆ ಮಾತ್ರ ಸೋಮವಾರವೂ ಒಂದು ಚೊಂಬು ನೀರು ಹಾಕುತ್ತಿದ್ದೆ. ಅದನ್ನು ಯಾರೂ ಬರೆದುಕೊಂಡಿಲ್ಲ. ಈ ಬಿಸಿಲಿಗೆ ಬಾಡಲಿ, ಆಗ ಆ ಜಾಣನನ್ನೇ ಕೇಳಲಿ. ಛೇ, ಸಸಿ ಏನು ತಪ್ಪು ಮಾಡಿದೆ, ಮುರ್ಶಿದಾಗಾದರೂ ಹೇಳಿ ಬರುತ್ತೇನೆ.