ಮೂರನೆಯ ಸಲ ಕೇಳಲಿಲ್ಲ

ಕರಕ್ ಹತ್ತಿರದ ನಮ್ಮೂರಿನಿಂದ,
೧೪ ಮಾರ್ಚ್ ೧೯೯೭

ಪ್ರೀತಿಯ ಮಬ್ರೂಕಾ, ತೂನಿಸ್‌ನ ಸಿಂಹಿಣಿಯೇ,

ನಿನಗೂ ನಿನ್ನ ಮನೆಗೂ ಶಾಂತಿ ಇರಲಿ!

ನಿನ್ನ ಕಾಗದ ಬಂತು. ಹೊಸ್ತಿಲಲ್ಲೇ ನಿಂತು ಗಟ್ಟಿಯಾಗಿ ಓದಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಕಣಿವೆಯಾಚೆ ಕುರಿ ಕಾಯುವವನೂ ತಲೆಯೆತ್ತಬೇಕು! ಆದರೆ ಒಳಗೆ ‘ಏನಂತೆ?’ ಎಂದು ಕೇಳಲು ಒಂದು ಜೀವವಿಲ್ಲ. ಇವರು ಹೋಗಿ ನಾಲ್ಕು ವರ್ಷ. ಮಗಳು ಜರ್ಕಾದಲ್ಲಿ, ಗಂಡನ ಮನೆಯಲ್ಲಿ. ನನ್ನ ದನಿ ಗೋಡೆಗೆ ಬಡಿದು ನನಗೇ ವಾಪಸ್ಸು ಬಂತು.

ಆರು ದೇಶಗಳ ಹೆಂಗಸರ ಸಹಕಾರ ಸಂಘಗಳೆಲ್ಲ ಸೇರಿದ ನಮ್ಮ ಒಕ್ಕೂಟಕ್ಕೆ ನಿನ್ನ ವರ್ಷ ಮುಗಿದ ಮೇಲೆ ನಾನು ವಕ್ತಾರೆಯಾಗಬೇಕು, ತಿಂಗಳ ಕೊನೆಯೊಳಗೆ ಒಪ್ಪಿಗೆ ಬರೆದು ಕಳಿಸಬೇಕು ಅಂದಿದ್ದೀಯ. ಬೇಡ ತಾಯಿ! ಮಂಡಿ ನೋವು. ಮೇಕೆಗಳು ಮರಿ ಹಾಕುವ ಕಾಲ. ಹೋದ ವರ್ಷವೂ ಬೇಡ ಅಂದವಳಲ್ಲವೇ ನಾನು?

ಆ ಬೇಡದ ಕಥೆಯನ್ನು ಯಾರಿಗೂ ಹೇಳಿಲ್ಲ. ಕೇಳು.

ಅಮ್ಮಾನಿನ ಆ ಸಭಾಂಗಣ! ಆರು ದೇಶದ ಹೆಂಗಸರು, ಆರು ಬಗೆಯ ಮುಸುಕು! ಬೈರೂತಿನ ಕಾರ್ಯದರ್ಶಿ ಎದ್ದು ನಿಂತು, ‘ನೌಫಾ, ವಕ್ತಾರೆ ನೀವೇ ಆಗ್ತೀರಾ?’ ಅಂದಳು. ನನ್ನ ಎದೆ ನಗಾರಿಯಾಯಿತು. ‘ಅಯ್ಯೋ, ನಾನೆಲ್ಲಿ, ಬೇಡಮ್ಮ’ ಅಂದು ತಲೆ ತಗ್ಗಿಸಿದೆ. ನಮ್ಮ ಕಡೆ ಹಾಗೇ ಕಣೇ. ತಟ್ಟೆ ಮುಂದೆ ಹಿಡಿದರೆ ಮೊದಲು ಬೇಡ, ಮತ್ತೆ ಹಿಡಿದರೂ ಬೇಡ, ಮೂರನೆಯ ಸಲಕ್ಕೆ ಕೈ ಚಾಚುವುದು. ಮೊದಲ ಸಲವೇ ಬಾಚಿಕೊಂಡವಳನ್ನು ಊರು ಹಸಿದವಳು ಅನ್ನುತ್ತದೆ. ತಗ್ಗಿಸಿದ ತಲೆಯಲ್ಲೇ ಎರಡನೆಯ ಸಲಕ್ಕೆ ಕಾದೆ. ಆಕೆ ನನ್ನ ಹೆಸರಿನ ಮೇಲೆ ಒಂದು ಗೀಟು ಎಳೆದು ನಿನ್ನ ಕಡೆ ತಿರುಗಿದಳು. ನೀನು ‘ಓಹೋ, ಆಗ್ತೀನಿ!’ ಅಂದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.

ಊರಿಗೆ ಬಂದು, ನಾನೇ ಒಲ್ಲೆ ಅಂದೆ ಎಂದು ಹೇಳಿದೆ. ನಾದಿನಿ ಜಾಜಿಯಾ ಬಿಟ್ಟಾಳೆಯೇ? ‘ಆರು ದೇಶದ ಮುಂದೆ ಗುಡುಗ್ತೀನಿ ಅಂತ ಹೋದೋಳು, ಎರಡು ಡಬ್ಬ ಬಿಸ್ಕತ್ತು ಹೊತ್ಕೊಂಡು ಬಂದ್ಲು ನೋಡ್ರೇ!’ ಬಾವಿಕಟ್ಟೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಆಕೆ ಮೆಲ್ಲಗೆ, ‘ನಮ್ಮ ಪರವಾಗಿ ಬಾಯಿ ಬಿಡೋಕೆ ಇವಳಿಗೆ ನಾಚಿಕೆ’ ಅಂದಳು. ಮಬ್ರೂಕಾ, ಅದು ನಾಟಿತು. ನಾವು ಮೊಸರಿಗೆ ಉಪ್ಪು ಹಾಕಿ, ಉಂಡೆ ಕಟ್ಟಿ, ಮಾಳಿಗೆಯ ಮೇಲೆ ಒಣಗಿಸಿದ ಜಮೀದ್ ಇವತ್ತಿಗೂ ಮಾರುಕಟ್ಟೆಯಲ್ಲಿ ಮೈದುನರ ಹೆಸರಿನಲ್ಲೇ ಮಾರಾಟವಾಗುತ್ತದೆ. ಒಕ್ಕೂಟ ಕೇಳಿದ್ದರೆ ಅಲ್ಲಿ ಮಳಿಗೆ ಹೆಂಗಸರ ಹೆಸರಿಗೇ ಸಿಗುತ್ತಿತ್ತು, ನಿಮ್ಮೂರ ಕುಂಬಾರಗಿತ್ತಿಯರಿಗೆ ನೀನು ಕೊಡಿಸಿದ ಹಾಗೆ. ನಮಗಾಗಿ ಕೇಳಬೇಕಾದವಳು ತಲೆ ತಗ್ಗಿಸಿ ಕೂತಿದ್ದಳಲ್ಲ!

ಅಂದಿನಿಂದ ಸಂಘದ ಸಭೆ ನನ್ನ ಅಂಗಳದಿಂದ ಜಾಜಿಯಾಳ ಅಂಗಳಕ್ಕೆ ಹೋಯಿತು. ನಮ್ಮಿಬ್ಬರ ನಡುವೆ ಒಂದೇ ಗೋಡೆ. ಅವರ ನಗು ಕೇಳಿಸುತ್ತದೆ. ಇಲ್ಲಿ ನಾನು ರೇಡಿಯೋಗೆ ಉತ್ತರ ಕೊಡುತ್ತಾ ಕೂರುತ್ತೇನೆ. ಹನ್ನೆರಡು ಲೋಟಗಳಲ್ಲಿ ಹನ್ನೊಂದಕ್ಕೆ ಧೂಳು.

ಆದ್ದರಿಂದ ಬೇಡ, ಮಬ್ರೂಕಾ. ಬೇಡವೇ ಬೇಡ. ಬೇರೆ ಯಾರನ್ನಾದರೂ ಕೇಳು.

ನಿನ್ನ,
ನೌಫಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದಿದ್ದೇನೆ. ಟಪಾಲಿಗೆ ಹನ್ನೆರಡು ದಿನ. ನೀನು ಮತ್ತೆ ಮತ್ತೆ ಕೇಳುವಷ್ಟು ದಿನ ಈ ತಿಂಗಳಲ್ಲಿ ಉಳಿದಿಲ್ಲ. ಅದಕ್ಕೇ ಅಂಗಳದ ನಡುವೆ ನಿಂತು, ನಿನ್ನ ದನಿ ಮಾಡಿ, ‘ನೌಫಾ, ಆಗ್ತೀಯೇನೇ?’ ಎಂದು ನಾನೇ ಕೂಗಿ ಕೇಳಿಕೊಂಡೆ. ಗೋಡೆಯಾಚೆಯಿಂದ ಜಾಜಿಯಾ, ‘ಯಾರ ಹತ್ರ ಕೂಗಾಡ್ತಿದ್ದೀಯೇ, ಹುಚ್ಚಿ?’ ಅಂದಳು. ಒಂದು ವರ್ಷದಲ್ಲಿ ಅವಳು ನನಗೇ ಆಡಿದ ಮೊದಲ ಮಾತು. ಮೊದಲನೆಯ ಬೇಡ ಈ ಕಾಗದದ ಶುರುವಿನಲ್ಲಿದೆ, ಎರಡನೆಯದು ನನ್ನ ಸಹಿಗಿಂತ ತುಸು ಮೇಲಿದೆ. ಇದು ಮೂರನೆಯ ಸಲ.

ಆಗ್ತೀನಿ. ಬರೆದುಕೋ.